‘ಬೇಡ’ ಎನ್ನುವ ಪಾಠ

ನಮ್ಮ ಮನೆಯಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಸಭ್ಯತೆ ನಮಸ್ಕಾರವಲ್ಲ, ‘ಬೇಡ’ ಎನ್ನುವುದು. ಯಾರ ಮನೆಗೆ ಹೋದರೂ, ತಿನ್ನಲು ಕೊಟ್ಟದ್ದನ್ನು ಎರಡು ಸಲ ಬೇಡ ಎನ್ನಬೇಕು. ಮೂರನೆಯ ಸಲ ಅಮ್ಮನ ಮುಖ ನೋಡಬೇಕು. ಅಮ್ಮನ ರೆಪ್ಪೆ ತುಸು ಕೆಳಗಿಳಿದರೆ ಕೈ ಚಾಚಬಹುದು. ನಾನು ಬೆಳೆದದ್ದು ಹೆಚ್ಚುಕಡಿಮೆ ಆ ರೆಪ್ಪೆಯ ಆಡಳಿತದಲ್ಲಿ. ಮುಂದೆ ತತ್ವಶಾಸ್ತ್ರದ ಆನರ್ಸ್ ತರಗತಿಯಲ್ಲಿ, ಸುಳ್ಳು ಹೇಳುವುದು ಯಾವಾಗ ಸರಿ ಎಂದು ಒಂದು ಟರ್ಮ್ ಪೂರ್ತಿ ಚರ್ಚಿಸಿದೆವು. ಹಸಿದ ಮಗು ‘ಈಗ ತಾನೇ ಊಟ ಆಯ್ತು’ ಎನ್ನುವುದನ್ನು ಯಾರೂ ಉದಾಹರಣೆಗೆ ತೆಗೆದುಕೊಳ್ಳಲಿಲ್ಲ. ಅದನ್ನು ನಾವು ಸುಳ್ಳೆಂದು ಎಣಿಸಿರಲೇ ಇಲ್ಲ.

ಕಳೆದ ವರ್ಷ ಅತ್ತಿಗೆ ಹೆರಿಗೆಗೆ ತವರಿಗೆ ಹೋದಾಗ, ಅಣ್ಣನ ಮಗಳು, ಆರು ವರ್ಷದ ಶಾಂತಾ, ನನ್ನ ಪಾಲಿಗೆ ಬಂದಳು. ಡಿಗ್ರಿ ಪಡೆದು ಯಲಹಂಕದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಒಬ್ಬಳು ವಿದ್ಯಾರ್ಥಿನಿ ಸಿಕ್ಕಂತಾಯಿತು. ‘ಬೇಡ’ದ ಪಾಠ ಅವಳಿಗೆ ನನಗಿಂತ ಬೇಗ ಒಲಿಯಿತು.

ಕಾರ್ತಿಕದ ಒಂದು ಸಂಜೆ ಇಬ್ಬರೂ ಪುಟ್ಟೇನಹಳ್ಳಿ ಕೆರೆಯ ಕಡೆ ತಿರುಗಾಡಲು ಹೋಗಿದ್ದೆವು. ನಮಗೆ ದಿನವೂ ಹಾಲು ತರುವ ಮುನಿಯಮ್ಮನ ಮನೆ ಅಲ್ಲೇ. ಕಂಡವಳೇ ಕರೆದು ಚಾಪೆ ಹಾಸಿದಳು. ಒಲೆಯಿಂದ ಆಗಷ್ಟೇ ಇಳಿಸಿದ ಕಡಲೆಕಾಯಿಯನ್ನು ಮೊರದಲ್ಲಿ ತಂದಿಟ್ಟಳು.

‘ತಿನ್ನು ಮಗಾ.’

‘ಬೇಡಿ, ಈಗ ತಾನೇ ಊಟ ಆಯ್ತು,’ ಎಂದಳು ಶಾಂತಾ.

‘ಉಂಡ್ರೇನಂತೆ? ಒಂದ್ ಇಡಿ ತಿಂದ್ರೆ ಒಟ್ಟೆ ಒಡ್ದೋಯ್ತದಾ?’

‘ಬೇಡಿ.’

ಶಾಂತಾ ನನ್ನ ಮುಖ ನೋಡಿದಳು. ನಾನು ಮೂರನೆಯ ಸಲಕ್ಕೆ ಕಾಯುತ್ತಿದ್ದೆ. ಮುನಿಯಮ್ಮ ಮೂರನೆಯ ಸಲ ಕೇಳಲಿಲ್ಲ. ಮೊರವನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡಳು.

‘ಬುಡ್ರವ್ವಾ. ನಮ್ಮನೇಲಿ ಬೇಯ್ಸಿದ್ನ ನೀವು ತಿನ್ನಾಕಿಲ್ಲ. ನಂಗೇ ಮರ್ತೋಗಿತ್ತು,’ ಎಂದು ನಕ್ಕಳು.

ಹಾಗಲ್ಲ ಎನ್ನಬೇಕಿತ್ತು. ಒಂದೇ ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡಿದ್ದರೂ ಸಾಕಿತ್ತು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ನಾನು ಕಾದದ್ದು ಸಭ್ಯತೆಗೋ, ಅಥವಾ ಅವಳು ಹೇಳಿದ ಕಾರಣವೇ ನನ್ನೊಳಗೂ ಎಲ್ಲೋ ಇತ್ತೋ? ಹಲವು ಸಲ ಕೇಳಿಕೊಂಡಿದ್ದೇನೆ. ಉತ್ತರ ನನಗೆ ಅನುಕೂಲವಾಗಿ ಬಂದದ್ದಿಲ್ಲ. ದಾರಿಯಲ್ಲಿ ಶಾಂತಾ, ‘ಅತ್ತೆ, ಸರಿಯಾಗಿ ಹೇಳಿದ್ನಾ?’ ಎಂದಳು. ‘ಜಾಣೆ’ ಎಂದೆ.

ಮರುದಿನ ಮುನಿಯಮ್ಮ ಹಾಲಿನ ಜೊತೆ ಮಡಿಲ ತುಂಬ ಕಡಲೆಕಾಯಿ ತಂದಳು. ಹೊಲದ ಮಣ್ಣು ಇನ್ನೂ ಅಂಟಿತ್ತು.

‘ಅಸೀವು ಕಣವ್ವಾ. ನೀವೇ ಬೇಯ್ಸ್ಕೊಳಿ. ಮಗೀನ ಕಣ್ಣು ಮೊರದ್ ಮೇಲೇ ಇತ್ತು.’

ನಮ್ಮ ಮಡಿಗೂ ಭಂಗ ಬಾರದಂತೆ, ಮಗುವಿನ ಆಸೆಯೂ ತೀರುವಂತೆ ನಡೆದುಕೊಳ್ಳುವ ಈ ನಯವನ್ನು ಅವಳಿಗೆ ಯಾರು ಕಲಿಸಿದರೋ. ನಮ್ಮ ಮನೆಯವರಂತೂ ಅಲ್ಲ.

ಕಾಯಿ ಬೇಯಿಸಿ ಕೊಡುತ್ತ, ನಿನ್ನೆ ತಪ್ಪು ಮಾಡಿದವಳು ನಾನು, ಅಲ್ಲೇ ತಿನ್ನಬೇಕಿತ್ತು ಎಂದು ಶಾಂತಾಗೆ ಒಪ್ಪಿಕೊಂಡೆ.

‘ಹಾಗಾದ್ರೆ ನಾಳೆ ಹೋಗಿ ತಿನ್ನೋಣ.’

‘ಭಾನುವಾರ ಹೋಗೋಣ,’ ಎಂದೆ.

ಆಮೇಲೆ ಎಷ್ಟೋ ಭಾನುವಾರಗಳು ಬಂದವು. ಕಡಲೆಕಾಯಿಯ ಕಾಲ ಮುಗಿಯಿತು. ಶಾಂತಾ ಒಂದೆರಡು ಸಲ ನೆನಪಿಸಿದಳು. ಬಳಿಕ ಕೇಳುವುದನ್ನು ಬಿಟ್ಟಳು. ದೊಡ್ಡವರು ‘ಭಾನುವಾರ’ ಎಂದರೆ ಏನರ್ಥ ಎನ್ನುವುದನ್ನು, ನಾನು ಕಲಿಸದೆಯೇ, ಅವಳು ಕಲಿತುಬಿಟ್ಟಿದ್ದಳು.