ಶಹನಾಯಿಯ ಕೆಳಗಿನ ಸಾಲು

ಹೋದ ವಾರ ದೇವರ ಮನೆಯ ಬೆಳ್ಳಿ ಬಟ್ಟಲುಗಳಿಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕುತ್ತಿದ್ದೆ. ಬೆರಳ ಸಂದಿಯಲ್ಲಿ ಪೇಸ್ಟ್ ಒಣಗುವಾಗ ಬರುವ ಆ ತಂಪು ವಾಸನೆಗೆ ಗೋಕಾಕದ ಒಂದು ವಿಡಿಯೋ ಅಂಗಡಿ ನೆನಪಾಯಿತು. ಅಲ್ಲಿಯ ಚಾಚಾ ಗೀರು ಬಿದ್ದ ಡಿಸ್ಕುಗಳಿಗೆ ಇದೇ ಪೇಸ್ಟನ್ನು ಹಚ್ಚಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ಹತ್ತಿಯಿಂದ ಮೆಲ್ಲಗೆ ಎಳೆಯುತ್ತಿದ್ದರು. ಸುತ್ತು ಸುತ್ತಾಗಿ ತಿಕ್ಕಬಾರದು ಎನ್ನುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ...

ಅಂಗಡಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿತ್ತು. ಒಂದು ಕಾಲಕ್ಕೆ ಗೋಕಾಕ, ಹುಕ್ಕೇರಿ, ಮೂಡಲಗಿಯ ಅರ್ಧ ಮದುವೆಗಳಿಗೆ ಚಾಚಾನೇ ಕ್ಯಾಮೆರಾ ಹಿಡಿದವರು. ಹುಕ್ಕೇರಿಯ ನನ್ನ ತವರಿನಲ್ಲಿ ನಡೆದ ನನ್ನ ಮದುವೆಗೂ ಅವರೇ ಬಂದಿದ್ದರು. ಎಲ್ಲರ ಕೈಗೂ ಫೋನು ಬಂದ ಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಆಮೇಲೆ ಹಳೆಯ ಡಿಸ್ಕುಗಳನ್ನು ಫೈಲು ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುವ ಕೆಲಸ ಹಿಡಿದಿದ್ದರು. ಹೆಡ್‌ಫೋನಿನ ಒಂದು ಕಡೆಯ ಮೆತ್ತೆ ಹರಿದುಹೋಗಿ, ಅದಕ್ಕೆ ಮೊಮ್ಮಗಳ ಕೆಂಪು ಕಾಲುಚೀಲ ತೊಡಿಸಿದ್ದರು.

ನಾನು ಅವರ ಹತ್ತಿರ ಹೋದದ್ದು ಮೂಡಲಗಿಯ ದೊಡ್ಡವ್ವನಿಗಾಗಿ. ದೊಡ್ಡವ್ವ ನನ್ನ ಅವ್ವನ ಅಕ್ಕ. ನನ್ನ ಮದುವೆಯ ಹೊತ್ತಿಗೇ ಆಕೆಯ ಕಿವಿಗಳು ಮಂದವಾಗಿದ್ದವು. ಈಗ ಪೂರ್ತಿ ಹೋಗಿವೆ. ಮದುವೆಯ ದಿನ ಹೆಣ್ಣುಮಕ್ಕಳು ಸುತ್ತ ಕೂತು ಒಬ್ಬೊಬ್ಬರಾಗಿ ಒಡಪು ಹೇಳುತ್ತಿದ್ದರು, ಗಂಡನ ಹೆಸರನ್ನು ಪ್ರಾಸದಲ್ಲಿ ಹೆಣೆದು. ದೊಡ್ಡವ್ವನ ಸರದಿ ಬಂದಾಗ ಅವ್ವ ಏನೋ ಅಂದಳು, ಎಲ್ಲರೂ ನಕ್ಕರು. ದೊಡ್ಡವ್ವ ಏನೆಂದು ಕೇಳಿದರೆ ಅವ್ವ "ಏನಿಲ್ಲ" ಎಂದು ಕೈಯಾಡಿಸಿದಳು. ಮುಂದೆ ಡಿಸ್ಕು ಬಂದ ಮೇಲೆ ನೋಡಿದ ಬಂಧುವೊಬ್ಬರು ದೊಡ್ಡವ್ವನ ಕಿವಿಯ ಹತ್ತಿರ ಕೂಗಿ ಹೇಳಿದರಂತೆ: "ಆ ಕಿವುಡಿಗೇನ ಕೇಳ್ತೀರಿ, ಬಿಡ್ರಿ ಅಂದಾಳ ನಿನ್ನ ತಂಗಿ." ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು. ಅವ್ವ ತೀರಿಕೊಳ್ಳುವವರೆಗೂ ನಿಂತೇ ಇತ್ತು.

ಅವ್ವ ಹೋದ ಎರಡನೇ ವರ್ಷ ನಾನು ಮೂಡಲಗಿಗೆ ಹೋದಾಗ ದೊಡ್ಡವ್ವ ತಾನಾಗಿಯೇ ಆ ಮಾತು ತೆಗೆದಳು.

"ಮಂದಿ ಬಾಯಿಲೆ ಕೇಳಿದ್ದ ಸಾಕಾತವಾ. ಆ ಡಿಸ್ಕಿನ್ಯಾಗ ಅಕಿ ಖರೇನ ಏನ ಅಂದಾಳ, ನಾ ಕಣ್ಣಿಲೆ ಓದಬೇಕು. ಅಕ್ಷರಾ ಬರೂವಂಗ ಮಾಡಿ ಕೊಡು."

ದೊಡ್ಡವ್ವ ಏಳನೇ ಇಯತ್ತೆ ಓದಿದವಳು. ಪೇಪರನ್ನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಾಳೆ. ಅವಳೊಂದಿಗೆ ಮಾತಾಡಬೇಕೆಂದರೆ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆಯಬೇಕು. ಹೊಲಿದಿಟ್ಟ ಕಟ್ಟಿಗೆ ಪೆನ್ಸಿಲನ್ನು ದಾರದಿಂದ ಕಟ್ಟಿರುತ್ತಾಳೆ.

ಚಾಚಾ ಡಿಸ್ಕು ಒರೆಸಿ ಫೈಲು ಮಾಡಿದರು. ಯಾರು ಏನು ಅಂದರು ಎಂಬುದನ್ನು ನಾನು ಪಕ್ಕದಲ್ಲಿ ಕೂತು ಕೇಳಿ ಬರೆಯಬೇಕು, ಅವರು ಟೈಪ್ ಮಾಡಬೇಕು ಎಂದು ಮಾತಾಯಿತು. ಕಾನ್ವೆಂಟಿನ ಅಭ್ಯಾಸ ನನಗೆ, ಅಚ್ಚುಕಟ್ಟಾಗಿ ಅಂಚು ಬಿಟ್ಟು "ಎಲ್ಲರೂ ಊಟ ಮಾಡಿಕೊಂಡು ಹೋಗಿರಿ" ಎಂದು ಬರೆದುಕೊಟ್ಟೆ. ಚಾಚಾ ಕನ್ನಡಕ ಏರಿಸಿ ನಕ್ಕರು.

"ತಂಗಿ, ನಿಮ್ಮ ಅವ್ವಾರು ರೇಡಿಯೋದಾಗ ಬಾತ್ಮಿ ಓದಾಕತ್ತಾರೇನ್ರಿ? ಅವರು ಅಂದಂಗ ಬರೀರಿ. 'ಉಂಡ ಹೋಗ್ರೆವಾ' ಅಂದಾರ."

ಎಲ್ಲ ಮತ್ತೆ ಬರೆದೆ. ಆ ಒಡಪಿನ ಜಾಗಕ್ಕೆ ಇನ್ನೂ ಬಂದಿರಲಿಲ್ಲ. ಮೊದಲ ಅರ್ಧ ತಾಸಿನ ಮಾತುಗಳನ್ನು ಬೇರೆ ಚಿಕ್ಕ ಫೈಲಾಗಿ ವಿಡಿಯೋದ ಜೊತೆ ಇಟ್ಟುಕೊಟ್ಟರು. ಹಚ್ಚಿ ನೋಡಲೆಂದು ಮೂಡಲಗಿಗೆ ಒಯ್ದೆ. ದೊಡ್ಡವ್ವನ ಟಿವಿಯಲ್ಲಿ ಅಕ್ಷರದ ಬದಲು ಸಾಲಾಗಿ ಖಾಲಿ ಚೌಕಗಳು ಮೂಡಿದವು. "ಏನ ಇದ, ಫರಸಿ ಕಲ್ಲ ಹಾಸ್ಯಾರ?" ಎಂದಳು ದೊಡ್ಡವ್ವ.

ಚಾಚಾನಿಗೆ ಹೇಳಿದಾಗ ತಲೆ ಕೆರೆದುಕೊಂಡರು. "ಹಂಗಾದ್ರ ಚಿತ್ರದಾಗ ಪಕ್ಕಾ ಕೂಡಸೂದರಿ. ಈಗ ಮಾಡಿದ್ದು ಸೀರಿಗಿ ಪಿನ್ ಹಚ್ಚಿದಂಗ. ಅದು ಸೀರಿಯೊಳಗ ನೇಯ್ದಂಗ, ಯಾ ಟಿವಿಯಾಗ ಹಚ್ಚಿದ್ರೂ ಕಾಣತೈತಿ. ಆದ್ರ ನೇಯ್ದ ಮ್ಯಾಲ ಬಿಚ್ಚಾಕ ಬರೂದಿಲ್ಲ. ನೋಡ್ಕೊಂಡ ಬರೀರಿ."

ಒಡಪಿನ ಭಾಗಕ್ಕೆ ಬಂದಾಗ ಹೆಡ್‌ಫೋನು ನನ್ನ ಕಿವಿಯಲ್ಲಿತ್ತು. ಶಹನಾಯಿ ಜೋರಾಗಿತ್ತು, ಅದರ ಬೆನ್ನಿಗೇ ಅವ್ವನ ಧ್ವನಿ ಸ್ಪಷ್ಟವಾಗಿ ಬಂತು: "ಆ ಕಿವುಡಿಗೇನ ಕೇಳ್ತೀರಿ, ಬಿಡ್ರಿ." ನಂತರ ನಗು. ಬಂಧು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸತ್ತ ಅವ್ವನ ಧ್ವನಿ ಇಷ್ಟು ಹತ್ತಿರದಿಂದ ಕಿವಿಗೆ ಬಿದ್ದದ್ದು, ಅದೂ ಈ ಮಾತಿನಲ್ಲಿ... ನಾನು ಹಾಳೆಯಲ್ಲಿ "ನಮ್ಮಕ್ಕಗ ದಣಿವಾಗೇತಿ, ಬಿಡ್ರಿ" ಎಂದು ಬರೆದು ಚಾಚಾನ ಕಡೆ ಸರಿಸಿದೆ.

ಚಾಚಾ ಓದಿದರು. ಟೈಪ್ ಮಾಡಲಿಲ್ಲ.

"ಕಿವಿ ಹೋದವರು ತುಟಿ ಓದತಾರ, ತಂಗಿ. ಸಿಕ್ಕ ಬೀಳ್ತೀರಿ."

"ಚಾಚಾ, ನೀವು ಮದುವಿ ವಿಡಿಯೋದಾಗ ಹಿಂದ ಹಿಮದ ಗುಡ್ಡಾ ಕೂಡಸ್ತಿದ್ರಿ. ಅದೇನ ಖರೇನ?"

"ಗುಡ್ಡಾ ಕೂಡಿಸೇನಿ, ಹಾರೂ ಹೃದಯ ಕೂಡಿಸೇನಿ. ಹುಕ್ಕೇರಿ ಮದುಮಗನ್ನ ಸಮುದ್ರದ ದಂಡಿಗಿ ನಿಲ್ಲಿಸೇನಿ. ಅದಕ್ಕ ಯಾರೂ ಮಾತ ಬಿಟ್ಟಿಲ್ಲ."

ಅವರು ಹೆಡ್‌ಫೋನು ನನಗೇ ಬಿಟ್ಟು ಮೌಸ್ ಹಿಡಿದರು. ಬಲಗಡೆಯ ದನಿಯನ್ನು ಪೂರ್ತಿ ಇಳಿಸಿದರು, ಶಹನಾಯಿ ಹೋಯಿತು. ಎಡಗಡೆಯದನ್ನು ಏರಿಸಿದರು. ಅವ್ವನ ಮಾತಿಗಿಂತ ಮೊದಲು, ಕ್ಯಾಮೆರಾದ ಆಚೆಯಿಂದ, ಬೆಲ್ಲದ ಬಾಗೇವಾಡಿಯಿಂದ ಬಂದಿದ್ದ ಬೀಗರ ಕಡೆಯ ಹೆಣ್ಣುಮಗಳೊಬ್ಬಳ ಧ್ವನಿ ಕೇಳಿತು: "ಇವರ ಯಜಮಾನ್ರು ಎಲ್ಲಿ ಕಾಣವಲ್ರು? ಹೇಳ್ರೆವಾ, ಹೆಸರ ಹೇಳದ ಬಿಡೂದಿಲ್ಲ."

ದೊಡ್ಡವ್ವನ ಗಂಡ ಅವಳನ್ನು ಬಿಟ್ಟು ಬೇರೆ ಮನೆ ಮಾಡಿ ಆಗ ವರ್ಷವೂ ತುಂಬಿರಲಿಲ್ಲ. ಬೀಗರಿಗೆ ಅದು ಗೊತ್ತಿರಲಿಲ್ಲ. ಅಷ್ಟು ಜನರ ನಡುವೆ ಅಕ್ಕ ಆ ಹೆಸರು ಹೇಳಬೇಕಾದೀತು ಎಂದು ಅವ್ವ ಕೈಗೆ ಸಿಕ್ಕಿದ್ದನ್ನು ಅಡ್ಡ ಹಿಡಿದಿದ್ದಳು. ಸಿಕ್ಕಿದ್ದು ಕಿವಿ. ಆಮೇಲೆ ಬಿಡಿಸಿ ಹೇಳಬೇಕೆಂದರೆ ಗಂಡನ ಮಾತೇ ಎತ್ತಬೇಕಿತ್ತು; ಅದಕ್ಕೇ ಬಾಯಿ ಬಿಡಲಿಲ್ಲ.

"ಅಷ್ಟ ಲಗೂನ ಹೆಂಗ ಸಿಕ್ಕಿತ್ರಿ ಚಾಚಾ?" ಎಂದು ಕೇಳಿದೆ.

"ಮುಚ್ಚಿದಾಂವ ನಾನ ಅದೀನಲ್ರಿ," ಎಂದರು. ಮದುವೆಯಲ್ಲಿ ಜಗಳ, ಅಳು, ಕೇಳಬಾರದ ಪ್ರಶ್ನೆ ಏನೇ ಬಂದರೂ ಅದರ ಮೇಲೆ ಶಹನಾಯಿ ಹಚ್ಚುವುದು ಅವರ ಧಂದೆಯ ರಿವಾಜು. ಆ ಪ್ರಶ್ನೆ ಅವರಿಗೆ ಕೆಟ್ಟದಾಗಿ ಕೇಳಿಸಿತ್ತು, ಮುಚ್ಚಿದರು. ಉತ್ತರ ನಗೆಯ ಮಾತು, ಹಾಗೇ ಬಿಟ್ಟರು.

ಎರಡು ದಿನ ಯೋಚಿಸಿದೆ. ಪ್ರಶ್ನೆ ಬರೆದರೆ ಅವ್ವ ಮುಚ್ಚಿಟ್ಟ ಗಾಯವನ್ನು ನಾನೇ ತೆರೆದಂತೆ. ಬಿಟ್ಟರೆ ಅವ್ವ ಎಂದೆಂದಿಗೂ ಅಕ್ಕನನ್ನು ಹಂಗಿಸಿದವಳಾಗಿಯೇ ಉಳಿಯುತ್ತಾಳೆ. ಮೂರನೇ ದಿನ ಹೋಗಿ "ಎರಡೂ ಕೂಡಿಸ್ರಿ" ಎಂದೆ. ಚಾಚಾ ತಲೆಯಾಡಿಸಿದರು.

ಮೂಡಲಗಿಯಲ್ಲಿ ದೊಡ್ಡವ್ವ ಟಿವಿಗೆ ಮೊಳದ ದೂರದಲ್ಲಿ ಮಣೆ ಹಾಕಿಕೊಂಡು ಕೂತಳು. ಅಕ್ಷರಗಳು ಹಳದಿ ಬಣ್ಣದಲ್ಲಿ ದೊಡ್ಡದಾಗಿ ಮೂಡಿದವು. ತುಟಿ ಅಲ್ಲಾಡಿಸುತ್ತ ಓದಿದಳು. ಪ್ರಶ್ನೆ ಓದಿದಳು. ಅವ್ವನ ಮಾತು ಓದಿದಳು. ಅದರ ಕೆಳಗೆ ನಾನು ಬರೆದುಕೊಡದ ಒಂದು ಸಾಲಿತ್ತು: "ಇಲ್ಲಿ ಶಹನಾಯಿ ಹಚ್ಚಿ ಮುಚ್ಚಿದಾಂವ ನಾನು, ಕ್ಯಾಮೆರಾದಾಂವ. ತಪ್ಪಾತ್ರಿ ಅಕ್ಕಾರ."

ಮತ್ತೆ ಹಚ್ಚು ಎಂದಳು. ಮೂರು ಸಲ ಹಚ್ಚಿದೆ.

"ಹುಚ್ಚಿ," ಎಂದಳು ಕೊನೆಗೆ, ಟಿವಿಯಲ್ಲಿದ್ದ ಅವ್ವನಿಗೆ. "ಆದ್ರೂ ಎಲ್ಲಾರ ಮುಂದ ಕಿವುಡಿ ಅಂದಿ, ಅದನ್ನೇನ ಮರಿಯೂದಿಲ್ಲ ನಾ." ಕಣ್ಣು ಒರೆಸಿಕೊಳ್ಳಲಿಲ್ಲ, ನೀರು ತಾನೇ ಆರಿತು. ಎದ್ದು ಒಲೆಯ ಕಡೆ ಹೋಗುತ್ತ ತಿರುಗಿ ಹೇಳಿದಳು: "ಆ ಕ್ಯಾಮೆರಾದವನ್ನ ಒಂದಿನ ಊಟಕ್ಕ ಕರಕೊಂಡ ಬಾ. ಮಾರಿ ನೋಡೂಣು."

ಚಾಚಾನಿಗೆ ಹೇಳಿದೆ. ನಾಚಿಕೊಂಡರು. ಬರತೇನಿ, ಬರತೇನಿ ಎಂದರು. ಆಮೇಲೆ ನನ್ನ ಮಗಳ ಪರೀಕ್ಷೆ ಬಂತು, ಅವರಿಗೆ ಮೊಣಕಾಲು ನೋವು ಬಂತು, ರಂಜಾನ್ ಮುಗಿಯಲಿ ಎಂದುಕೊಂಡೆವು... ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ, ಅಂಗಡಿ ಮುಚ್ಚಿದ್ದನ್ನು ನೋಡಿ ಪಕ್ಕದವರನ್ನು ಕೇಳಿದಾಗ. ಅಲ್ಲೀಗ ಮೊಬೈಲ್ ಕವರು ಮಾರುತ್ತಾರೆ.

ಬೆಳ್ಳಿ ಬಟ್ಟಲು ತಿಕ್ಕಿದ ಮರುದಿನ ಮೂಡಲಗಿಗೆ ಹೋದೆ. ಚಾಚಾ ತೀರಿಕೊಂಡದ್ದನ್ನು ಇಷ್ಟು ದಿನ ದೊಡ್ಡವ್ವನಿಗೆ ಹೇಳಿರಲಿಲ್ಲ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಓದಿದಳು. ಅವರ ಫೋಟೋ ಇದೆಯೇ ಎಂದು ಕೇಳಿದಳು. ನನ್ನ ಬಳಿ ಇರಲಿಲ್ಲ. ನನ್ನ ಮದುವೆಯ ಎರಡು ತಾಸಿನ ವಿಡಿಯೋದಲ್ಲಿ ಅವರು ಎಲ್ಲೂ ಕಾಣುವುದಿಲ್ಲ.

ದೊಡ್ಡವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತಡಾ ಮಾಡೂದು ನಮ್ಮ ಮನಿತನದಾಗ ಐತಿ ಬಿಡು," ಎಂದಳು.