ಅಂಚಿನ ಲಾಳಿ ಹಿಡಿದ ಪಾಲಮ್ಮ

ಬೆಳಕು ಹರಿಯುವ ಹೊತ್ತು. ಮೊಳಕಾಲ್ಮೂರಿನ ಈ ಮನೆಯ ಗುಂಡಿ ಮಗ್ಗದಲ್ಲಿ ವೆಂಕಟಪ್ಪ ಲಾಳಿ ಹಿಡಿದು ಸುಮ್ಮನೆ ಕೂತಿದ್ದಾರೆ. ಪಕ್ಕದಲ್ಲಿ ಅಂಚಿನ ಲಾಳಿ ಹಿಡಿದ ಹೆಂಡತಿ ಪಾಲಮ್ಮ ಕಾಯುತ್ತಾರೆ. ಆಮೇಲೆ ಮೆಲ್ಲಗೆ ‘ತೊಕ್ಕಂಡಿ’ ಅನ್ನುತ್ತಾರೆ. ಮನೆಮಾತು ತೆಲುಗು, ತುಳೀರಿ ಅಂತ ಅರ್ಥ. ವೆಂಕಟಪ್ಪ ಮಗ್ಗದ ಕಾಲುಮಣೆ ತುಳಿಯುತ್ತಾರೆ. ‘ವೆಯ್ಯಂಡಿ’ ಅಂದಾಗ ಲಾಳಿ ಹಾಕುತ್ತಾರೆ. ಮತ್ತೆ ನಿಲ್ಲುತ್ತಾರೆ.

ಇಲ್ಲಿನ ರೇಷ್ಮೆ ಸೀರೆಯ ಅಂಚಿನ ಬಣ್ಣ ಬೇರೆ, ಒಡಲಿನದು ಬೇರೆ. ಸಾಲು ಸಾಲಿಗೂ ಎರಡರ ಎಳೆಗಳನ್ನು ಕೊಂಡಿ ಹಾಕಬೇಕು, ಅದಕ್ಕೇ ಇಬ್ಬರು ಬೇಕು. ಸೀರೆ ಹೊಗಳುವವರು ನೇಕಾರನನ್ನು ಹೊಗಳುತ್ತಾರೆ, ಬದಿಯಲ್ಲಿ ಕೂತವಳನ್ನು ಯಾರು ಕೇಳುತ್ತಾರೆ ಬಿಡಿ.

ಹೋದ ವರ್ಷ ಒಂದು ದಿನ ಪಾಲಮ್ಮ ನೀರಿಗೆ ಹೋಗಿದ್ದರು. ಬರುವಷ್ಟರಲ್ಲಿ ವೆಂಕಟಪ್ಪ ಕೊಂಡಿ ಹಾಕದೆ ಗೇಣುದ್ದ ನೇಯ್ದುಬಿಟ್ಟಿದ್ದರು. ಒಡಲಿನಿಂದ ಅಂಚು ಬಿಟ್ಟುಕೊಂಡಿತ್ತು. ನೇಯಲು ರೇಷ್ಮೆ ಹಾಸು ಕೊಡುವ ಸಾವ್ಕಾರ ಜಂಬುಲಿಂಗಪ್ಪ, ‘ಇನ್ನೊಂದು ಸೀರೆ ಕೆಟ್ಟರೆ ಹಾಸು ಬೇರೆಯವರಿಗೆ’ ಎಂದರು. ಕೇರಿಯವರು ಕುಡಿತ ಅಂದರು, ಸೋಮಾರಿತನ ಅಂದರು. ಒಂದು ಹನಿಯನ್ನೂ ಮುಟ್ಟದ ಮನುಷ್ಯ! ಪಾಲಮ್ಮ ಇದನ್ನು ಹೇಳಿದಾಗ ನನಗೇ ಮೈ ಉರಿಯಿತು.

ಕೊನೆಗೆ ಚಳ್ಳಕೆರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು ತಲೆಯ ಸ್ಕ್ಯಾನ್ ನೋಡಿ ಬಿಡಿಸಿ ಹೇಳಿದರಂತೆ. ಬಹಳ ವರ್ಷದ ಬಿ.ಪಿ.ಯಿಂದ ಮಿದುಳಿನ ಸಣ್ಣ ಸಣ್ಣ ರಕ್ತನಾಳಗಳು ಗಟ್ಟಿಯಾಗಿ ಕಿರಿದಾಗಿವೆ. ಕೈ ಕೆಲಸ ಮರೆತಿಲ್ಲ. ಆದರೆ ಒಂದಾದ ಮೇಲೆ ಮುಂದೇನು ಅನ್ನುವುದು ಹೊಳೆಯಲು ತಡವಾಗುತ್ತದೆ. ಮಾತ್ರೆಯಿಂದ ರೋಗ ಬೇಗ ಮುಂದುವರಿಯದೆ ಇರಬಹುದು, ಹೋದದ್ದು ತಿರುಗಿ ಬರುವುದು ಕಷ್ಟ.

“ಎಲ್ಡು ಮಾತು ಒಟ್ಟಿಗೆ ಹೇಳಿದ್ರೆ ನಿಂತೇ ಬಿಡ್ತಾರೆ,” ಅನ್ನುತ್ತಾರೆ ಪಾಲಮ್ಮ. “ಒಂದೊಂದೇ ಹೇಳ್ಬೇಕು. ಅವಸರ ಮಾಡಿದ್ರೆ ಸಿಟ್ಟು ಬರ್ತೈತೆ, ಆಮೇಲೆ ಅಳ್ತಾರೆ. ಸ್ನಾನಕ್ಕೂ ಹಿಂಗೇ, ಅಂಗಿ ಹಾಕ್ಕೊಳ್ಳೋಕೂ ಹಿಂಗೇ. ಹೇಳೀ ಹೇಳೀ ಗಂಟಲು ಬಿದ್ದೋಗೈತೆ.”

ಹೋದ ತಿಂಗಳು ನೇಯ್ದ ಸೀರೆಯನ್ನು ಮಗ್ಗದಿಂದ ಕೊಯ್ದುಕೊಟ್ಟಾಗ ಜಂಬುಲಿಂಗಪ್ಪ ಅಂಚನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ನೋಡಿದರು. ‘ವೆಂಕಟಪ್ಪ, ನಿನ್ನ ಕೈ ಕೆಟ್ಟಿಲ್ಲ ಬಿಡು’ ಅಂದು ಹೊಸ ಹಾಸು ಕೊಟ್ಟು ಕಳಿಸಿದರು.

ಎಲ್ಲ ನೀವೇ ಹೇಳಿ ನೇಯಿಸಿದ್ದು ಅಂತ ಸಾವ್ಕಾರರಿಗೆ ಹೇಳಲಿಲ್ಲವೇ? ನಾನು ಕೇಳಿದೆ.

“ಯಾಕ್ ಹೇಳ್ಲಿ? ಆ ಮಾತ್ ಕೇಳಿ ಆವತ್ತು ನಮ್ಮನೆಯವರು ಹೊಟ್ಟೆ ತುಂಬ ಉಂಡ್ರು.”

ಇನ್ನೇನು ಆಸೆ ಇದೆ ಅಂದದ್ದಕ್ಕೆ ಪಾಲಮ್ಮ ಕಣ್ಣುಜ್ಜಿಕೊಳ್ಳುತ್ತಾರೆ.

“ಅವರು ಮಗ್ಗ ಬಿಡೋಗಂಟ ನನ್ ತಲೆ ನೆಟ್ಟಗಿರ್ಲಿ. ಆಮೇಲೆ ಒಂದಿನ ಪೂರ್ತಿ ಮಲಗ್ಬೇಕು ಸಾರ್. ಯಾರೂ ಎಬ್ಬಿಸ್ಬಾರ್ದು.”