ಹಿಂದಿನ ಸಾಲಿನ ಹಲಸು

ಮೊದಲು ಕಂಡದ್ದು ಕಾಂಪೌಂಡ್ ಗೋಡೆ ಹಿಡಿದ ಎರಡು ಕೈ. ಆಮೇಲೆ ನರೆತ ಮೀಸೆಯ ಒಂದು ಮುಖ ಮೇಲೆದ್ದಿತು. ಕಿಟಕಿಯ ಬಳಿ ಮಿಷನ್ ತುಳಿಯುತ್ತಿದ್ದ ಹೊಲಿಗೆಯಮ್ಮ ಕಾಲು ನಿಲ್ಲಿಸಿದಳು.

“ಹೆದರ್ಕೋಬೇಡಿ ಅಕ್ಕಾ. ಹಿಂದಿನ ಮನೆಗೆ ಹೊಸದಾಗಿ ಬಂದಿದೀವಿ. ಬಸ್ ಕಂಡಕ್ಟರ್ ಆಗಿದ್ದೆ, ಈಗ ರಿಟೈರ್ ಆಯ್ತು. ಗಿಡ ನೆಡೋಕೆ ಅಳತೆ ಬೇಕು, ಒಂದು ಟೇಪ್ ಇದ್ರೆ ಕೊಡ್ತೀರಾ?”

“ಇದು ಎದೆ, ಸೊಂಟ ಅಳೆಯೋ ಟೇಪು.”

“ಗಿಡಕ್ಕೂ ಸೊಂಟ ಇರುತ್ತಲ್ಲ!”

ಅತ್ತ ಕಡೆಯಿಂದ ಹೆಂಡತಿಯ ದನಿ ಬಂತು. “ಗೋಡೆ ಹತ್ತಬೇಡಿ ಅಂದ್ನಲ್ಲ! ಬಿದ್ದು ಕಾಲು ಮುರ್ಕೊಂಡ್ರೆ ನಿಮ್ಮ ಕಾಡನ್ನ ನಾನು ಕಾಯ್ಬೇಕಾ?”

ಟೇಪು ಕೊಟ್ಟು ಸುಮ್ಮನಿರಲು ಹೊಲಿಗೆಯಮ್ಮನಿಗೆ ಆಗಲಿಲ್ಲ. ಗಂಡ ಹೋದ ಮೇಲೆ ಅವಳಿಗಿದ್ದ ಆಸ್ತಿ ಆ ಮಿಷನ್ನು, ಈ ಟೇಪು, ಒಂದು ಕತ್ತರಿ. ಓಣಿ ಸುತ್ತಿಕೊಂಡು ಅವರ ಮನೆಗೆ ಹೋದಳು. ಕಂಡಕ್ಟರು ಹಿತ್ತಿಲಿನ ನೆಲದ ಮೇಲೆ ಬೂದಿಯಲ್ಲಿ ಗೆರೆ ಎಳೆದು, ಬಸ್ಸಿನ ಬಾಗಿಲಲ್ಲಿ ನಿಂತವರ ಹಾಗೆ ಗೇಟಿನ ಬಳಿ ನಿಂತಿದ್ದರು.

“ನೋಡಿ ಅಕ್ಕಾ, ಮುಂದೆ ಅನಾನಸು, ಗೆಣಸು, ಶುಂಠಿ. ಇವರೆಲ್ಲ ನೆಲದಲ್ಲೇ ಕೂರೋರು. ಆಮೇಲೆ ನಿಂಬೆ, ದಾಳಿಂಬೆ. ನಡುವೆ ಸೀಬೆ, ಪಪ್ಪಾಯಿ. ಉದ್ದ ಇರೋ ಮಾವು, ಹಲಸು ಹಿಂದಿನ ಸಾಲಿಗೆ. ಕಂಬಕ್ಕೆ ಜೋತು ಬೀಳೋರು ಬಳ್ಳಿಗಳು.”

ಸರ್ವೀಸು ಪೂರ್ತಿ ಅವರು ಹಣ್ಣು ಕಂಡದ್ದು ಬಸ್ಸಿನ ಕಿಟಕಿಯಾಚೆ ಮಾತ್ರವಂತೆ. ಇಳಿದು ತಿನ್ನುವಷ್ಟರಲ್ಲಿ ಹೊರಡುವ ಹೊತ್ತಾಗುತ್ತಿತ್ತು. ಕೊನೆಯ ಡ್ಯೂಟಿಯ ದಿನ ಒಬ್ಬಳು ಅಜ್ಜಿ ಕೈಗಿಟ್ಟ ಹಲಸಿನ ತೊಳೆ ತಿಂದು, ಬೀಜವನ್ನು ಚರ್ಮದ ಚೀಲಕ್ಕೆ ಹಾಕಿಕೊಂಡಿದ್ದರು. ಅದೀಗ ಡಬ್ಬಿಯಲ್ಲಿ ಎರಡೆಲೆ ಬಿಟ್ಟಿತ್ತು.

ಹೊಲಿಗೆಯಮ್ಮ ಗೆರೆಗಳನ್ನು ನೋಡಿ ತಲೆಯಾಡಿಸಿದಳು. “ಬೆಳೆಯೋ ಮಗುವಿನ ಅಂಗಿಗೆ ಒಳಗೆ ಬಟ್ಟೆ ಬಿಟ್ಟು ಹೊಲೀತೀವಿ ಕಂಡಕ್ಟರೇ. ಇವಕ್ಕೆ ಏನು ಬಿಟ್ಟಿದೀರಿ?”

“ಬಸ್ ತುಂಬಿದೆ ಅಂತ ನಾನು ಯಾರನ್ನೂ ಬಿಟ್ಟು ಹೋದೋನಲ್ಲ. ಸ್ವಲ್ಪ ಒಳಗೆ ಸರೀರಿ ಅಂದ್ರೆ ಎಲ್ಲರಿಗೂ ಜಾಗ ಆಗುತ್ತೆ.”

“ಮನುಷ್ಯರು ಸರೀತಾರೆ. ಮರ ಸರಿಯುತ್ತಾ?”

ಅವರು ನಕ್ಕುಬಿಟ್ಟರು. ಬೂದಿಗೆರೆ ಹಾಗೇ ಉಳಿಯಿತು. ಹಿಂದಿನ ಸಾಲೆಂದರೆ ಮೂಡಣ ದಿಕ್ಕು, ಅದರ ಬೆನ್ನಿಗೇ ಹೊಲಿಗೆಯಮ್ಮನ ಕಿಟಕಿ. ಅದು ಆ ದಿನ ಇಬ್ಬರಿಗೂ ಹೊಳೆಯಲಿಲ್ಲ.

ಗಿಡಗಳೇನೋ ಎದ್ದವು. ಕಂಡಕ್ಟರು ಓಣಿಯವರು ಗುಡಿಸಿದ ಒಣ ಎಲೆಯನ್ನೆಲ್ಲ ತಂದು ಬುಡಕ್ಕೆ ಹಾಸುತ್ತಿದ್ದರು. ಎಳೆಯ ಗಿಡಗಳನ್ನು ಕೋಲಿಗೆ ಕಟ್ಟಲು ಹೊಲಿಗೆಯಮ್ಮ ಬಟ್ಟೆಯ ಅಂಚು ಕತ್ತರಿಸಿ ಕೊಡುತ್ತಿದ್ದಳು. ಹಗ್ಗವಾದರೆ ತೊಗಟೆ ಕೊಯ್ಯುತ್ತದೆ. ಗೋಡೆಯ ಮೇಲಿನಿಂದ ಪಪ್ಪಾಯಿ ಬಂತು, ಮಾರನೇ ವರ್ಷ ಸೀಬೆ ಬಂತು. “ಟಿಕೆಟ್ ತಗೊಳ್ಳಿ ಅಕ್ಕಾ,” ಎಂಬ ಕೂಗು ಕೇಳಿದರೆ ಅವಳು ಸೆರಗೊಡ್ಡುತ್ತಿದ್ದಳು.

ಹಲಸು ಮಾತ್ರ ಎಲ್ಲರನ್ನೂ ಮೀರಿ ಬೆಳೆಯಿತು. ಬೆಳಿಗ್ಗೆ ಅದು ನಿಂಬೆಯ ಬಿಸಿಲು ತಿನ್ನುತ್ತಿತ್ತು, ಮಧ್ಯಾಹ್ನದ ಮೇಲೆ ಹೊಲಿಗೆಯಮ್ಮನ ಬೆಳಕು ತಿನ್ನುತ್ತಿತ್ತು. ನಿಂಬೆ ಹೂವನ್ನೇ ಬಿಡಲಿಲ್ಲ. ಸೀಬೆ ಬೆಳಕು ಹುಡುಕಿ, ಫುಟ್‌ಬೋರ್ಡಿನಲ್ಲಿ ನೇತಾಡುವವರ ಹಾಗೆ ರಸ್ತೆಗೆ ವಾಲಿತು. ಇತ್ತ ಹೊಲಿಗೆಯಮ್ಮ ದಾರದ ಉಂಡೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡುವಂತಾಯಿತು. ಬಲ್ಬಿನ ಕೆಳಗೆ ಕಪ್ಪೂ ನೀಲಿಯೂ ಅಣ್ಣತಮ್ಮಂದಿರು. ಗಿರಾಕಿಯೊಬ್ಬಳು ರವಿಕೆ ವಾಪಸು ತಂದಿಟ್ಟು, “ಇನ್ನು ಹೊಲಿಗೆ ಸಾಕು ಮಾಡಿ ಅಮ್ಮಾ, ವಯಸ್ಸಾಯ್ತು,” ಎಂದು ಹೋದಳು. ಆ ದಿನ ಹೊಲಿಗೆಯಮ್ಮನಿಗೆ ಅನ್ನ ಸೇರಲಿಲ್ಲ. ಮಿಷನ್ ನಿಂತರೆ ಊಟ ನಿಂತೀತು ಎನ್ನುವುದು ಒಂದು ಭಯ. ಓಣಿಯಲ್ಲಿ ತನ್ನನ್ನು ಏನೆಂದು ಕರೆದಾರು ಎನ್ನುವುದು ಇನ್ನೂ ದೊಡ್ಡದು.

ಆದರೂ ಹಣ್ಣು ತಿಂದ ಬಾಯಲ್ಲಿ ಮರದ ಮೇಲೆ ದೂರು ಹೇಳುವುದು ಹೇಗೆ? ಅದರಲ್ಲೂ ಹಲಸು ಆಗ ತಾನೇ ಮೊದಲ ಸಲ ಕಾಯಿ ಕಚ್ಚಿತ್ತು. ಕಂಡಕ್ಟರು ದಿನಾ ಅದರ ಬುಡದಲ್ಲಿ ನಿಂತು ಕಾಯಿಯ ಮೈ ಸವರುತ್ತಿದ್ದರು.

ಗುಟ್ಟು ಬಯಲು ಮಾಡಿದ್ದು ಒಂದು ಗುಂಡಿ. ಹೊಲಿಸಿ ತಂದ ಅಂಗಿಯನ್ನು ಕಂಡಕ್ಟರು ತೊಟ್ಟಾಗ ಹೆಂಡತಿ ಬಿದ್ದು ಬಿದ್ದು ನಕ್ಕಳು. “ಕಂದು ಅಂಗಿಗೆ ಹಸಿರು ದಾರ! ಅಕ್ಕ ನಿಮ್ಮನ್ನೂ ಗಿಡ ಮಾಡಿಬಿಟ್ರು ನೋಡಿ.”

ತಮಾಷೆ ಮಾಡೋಣವೆಂದು ಅವರು ಅದೇ ಅಂಗಿ ತೊಟ್ಟು ಓಣಿ ಸುತ್ತಿ ಬಂದರು. ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತರು. ಸಂಜೆಗೆ ಇನ್ನೂ ಹೊತ್ತಿತ್ತು, ಕೋಣೆಯಲ್ಲಿ ಬಲ್ಬು ಉರಿಯುತ್ತಿತ್ತು. ಕಿಟಕಿಯ ತುಂಬ ಹಲಸಿನ ಎಲೆ. ಕಂಡಕ್ಟರು ಬಲ್ಬನ್ನೂ ಕಿಟಕಿಯನ್ನೂ ನೋಡಿದರು.

“ಎಷ್ಟು ದಿನದಿಂದ ಹೀಗೆ ಅಕ್ಕಾ?”

“ಏನು ಹೀಗೆ? ನನ್ನ ಕಣ್ಣೇ ಮಂಜು ಬಿಡಿ.”

“ಸುಳ್ಳು ಬೇಡ. ಟಿಕೆಟ್ ತಗೊಳ್ಳದೋರ ಮುಖ ನನಗೆ ಗೊತ್ತಾಗುತ್ತೆ.”

ಅವಳು ಕತ್ತರಿಯನ್ನು ಆ ಕಡೆಯಿಂದ ಈ ಕಡೆಗಿಟ್ಟಳು. “ನಾಕು ಕೊಂಬೆ ತೆಗೆದ್ರೆ ಸಾಕು ಕಂಡಕ್ಟರೇ. ಮರ ಇರ್ಲಿ.”

ಕೊಂಬೆ ತೆಗೆದರು. ಬೆಳಕು ಬಂದ ಹಾಗೆ ಮಾಡಿ, ಮರ ಮತ್ತೆ ಚಿಗುರೊಡೆದು, ಮೊದಲಿಗಿಂತ ದಟ್ಟವಾಗಿ ಮುಚ್ಚಿಕೊಂಡಿತು. ಕಂಡಕ್ಟರು ಬಹಳ ದಿನ ಗೇಟಿನ ಬಳಿ ನಿಂತು ಯೋಚಿಸಿದರು. ವಾಲಿದ ಸೀಬೆ, ಹೂ ಬಿಡದ ನಿಂಬೆ, ಆಚೆಗೆ ಕತ್ತಲ ಕಿಟಕಿ, ಎಲ್ಲ ಒಂದೇ ಸಾಲಿನಲ್ಲಿ ಕಂಡವು.

“ದಾರಿ ಮಧ್ಯೆ ಯಾರನ್ನೂ ಇಳಿಸಿದೋನಲ್ಲ ನಾನು,” ಎಂದರು ಹೆಂಡತಿಗೆ.

“ಕೂರಿಸಿದೋರೂ ನೀವೇ ಅಲ್ವಾ?” ಎಂದಳು ಆಕೆ, ಮೆಲ್ಲಗೆ.

ಹಣ್ಣು ಮಾಗುವ ತನಕ ಕಾದರು. ಕಂಕುಳಲ್ಲಿ ಮಗು ಇರುವವರನ್ನು ಇಳಿಸಲಾಗದು ಎನ್ನುವುದು ಅವರ ಲೆಕ್ಕ. ತೊಳೆಗಳು ಓಣಿಯ ಮನೆಮನೆಗೂ ಹೋದವು. ಮರ ಕಡಿಯುವವರು ಬಂದ ದಿನ ಹೊಲಿಗೆಯಮ್ಮ ಓಡಿ ಬಂದಳು. “ಬೇಡ, ನಾನು ಮಿಷನ್ನನ್ನ ಪಡಸಾಲೆಗೆ ಹಾಕ್ಕೋತೀನಿ.”

“ನಿಮ್ಮ ಪಡಸಾಲೆಗೆ ಕಿಟಕಿಯೇ ಇಲ್ಲ ಅಕ್ಕಾ. ಅಳತೆ ನೀವು ಮೊದಲೇ ಹೇಳಿದ್ರಿ. ಕಿವಿಗೆ ಹಾಕ್ಕೊಳ್ಳದೋನು ನಾನು.”

ಬಸ್ಸಿನ ತಗಡು ತಟ್ಟುವ ಹಾಗೆ ಕಾಂಡವನ್ನು ಅಂಗೈಯಲ್ಲಿ ತಟ್ಟಿದರು. “ಇಳೀರಿ ಯಜಮಾನ್ರೇ, ನಿಮ್ಮ ಸ್ಟಾಪ್ ಬಂತು,” ಎಂದರು. ಹೊಲಿಗೆಯಮ್ಮ ಆ ಕಡೆ ನೋಡದೆ, ಮರ ಗೋಡೆಯ ಮೇಲೆ ಬೀಳದಂತೆ ಕಟ್ಟಿದ್ದ ಹಗ್ಗದ ತುದಿ ಹಿಡಿದು ನಿಂತಳು.

ರೆಂಬೆ, ಎಲೆ ಯಾವುದೂ ಹೊರಗೆ ಹೋಗಲಿಲ್ಲ. ಕಡಿದು, ಉಳಿದ ಗಿಡಗಳ ಬುಡಕ್ಕೆ ಹಾಸಿದರು. ಮಳೆ ಕಳೆದ ಮೇಲೆ ನಿಂಬೆ ಹೂ ಬಿಟ್ಟಿತು. ಮಧ್ಯಾಹ್ನದ ಬಿಸಿಲು ಮತ್ತೆ ಮಿಷನ್ನಿನ ಚಕ್ರದ ಮೇಲೆ ಬಿತ್ತು. ಹೊಲಿಗೆಯಮ್ಮ ಮೊದಲು ಮಾಡಿದ ಕೆಲಸವೆಂದರೆ ಆ ಅಂಗಿ ತರಿಸಿಕೊಂಡು, ಹಸಿರು ದಾರ ಬಿಚ್ಚಿ, ಕಂದು ದಾರದಲ್ಲಿ ಗುಂಡಿ ಕೂರಿಸಿದ್ದು.

ಗೋಡೆಯ ಬಳಿಯ ಆ ಜಾಗ ಮಾತ್ರ ಬರಿದಾಗಿತ್ತು. ಕಂಡಕ್ಟರು ಏನನ್ನೂ ನೆಡಲಿಲ್ಲ. ಆಮೇಲೆ ಅವರು ಉಸಿರಿನ ಕಾಯಿಲೆಯಿಂದ ಹಾಸಿಗೆ ಹಿಡಿದರು. ಹಿತ್ತಿಲು ಕಾಣುವ ಹಾಗೆ ಹೆಂಡತಿ ಮಂಚವನ್ನು ಬಾಗಿಲ ಎದುರು ಹಾಕಿಸಿದಳು. ಹೊಲಿಗೆಯಮ್ಮ ಎತ್ತರದ ದಿಂಬು ಹೊಲಿದು ಒಯ್ದಳು. ಒರಗಿ ಕೂತರೆ ಉಸಿರು ಸಲೀಸು.

ಕಂಡಕ್ಟರು ದಿಂಬಿಗೆ ಒರಗಿ, ಬಹಳ ಹೊತ್ತು ಗೋಡೆಯ ಕಡೆ ನೋಡಿದರು. ಮಾತು ತುಂಡು ತುಂಡಾಗಿ ಬಂತು.

“ಆ ಸೀಟು ಹಾಗೇ ಖಾಲಿ ಇದೆ. ಈ ಸಲ ನಾನು ಕೂರಿಸಲ್ಲ, ಅದು ನಿಮ್ಮ ಕಿಟಕಿ ಎದುರಿನದು. ನೀವೇ ಅಳತೆ ನೋಡಿ ಹೇಳಿ ಅಕ್ಕಾ, ಯಾರನ್ನ ಕೂರಿಸ್ತೀರಾ?”